ಪುಲ್ಲರ್‌ಗೊಂದು ಕೊಕ್ಕೆ

ಭಾದ್ರಪದ ಮುಗಿಯುತ್ತ ಬಂದಿತ್ತು. ಹಲಗೂರಿನ ಸುತ್ತ ರಾಗಿ ಹೊಲಗಳಲ್ಲಿ ಕುಂಟೆ ಹಾಯಿಸಿ ಆಗಿತ್ತು, ಮಳೆ ಮಾತ್ರ ಹದಿನೈದು ದಿನದಿಂದ ಮುಖ ತೋರಿಸಿರಲಿಲ್ಲ. ಮಳೆ ಕೈಕೊಟ್ಟರೆ ಬಾವಿ ಮೋಟ್ರುಗಳಿಗೆ ಬಿಡುವಿಲ್ಲ. ಕರೆಂಟು ಕಮ್ಮಿ ಬಂದು ಒಂದೊಂದಾಗಿ ಸುಡುತ್ತವೆ. ಸುಟ್ಟವು ಬೋರಯ್ಯನ ವರ್ಕ್‌ಶಾಪಿಗೆ ಬರುತ್ತವೆ. ಅವತ್ತು ಬೆಳಿಗ್ಗೆ ಎಂಟಕ್ಕೇ ಬಾಗಿಲಲ್ಲಿ ನಾಲ್ಕು ಮೋಟ್ರು ಸಾಲಾಗಿ ಕೂತಿದ್ದವು.

ಬೋರಯ್ಯ ಒಂದರ ಬೇರಿಂಗಿಗೆ ಉಳಿ ಕೊಟ್ಟು ಸುತ್ತಿಗೆಯಲ್ಲಿ ಹೊಡೆಯುತ್ತಿದ್ದ. ಬೇರಿಂಗು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಐದನೇ ಏಟಿಗೆ ಉಳಿ ಜಾರಿ ಶಾಫ್ಟಿನ ಮೇಲೆ ಉಗುರುದ್ದ ಗಾಯ ಬಿತ್ತು.

ಒಳಗೆ ತಂತಿ ಸುತ್ತುತ್ತಿದ್ದ ಮಗಳು ಕವಿತ ಎದ್ದು ಬಂದಳು. ಮಂಡ್ಯದಲ್ಲಿ ಐಟಿಐ ಓದಿ ಬಂದು ಆರು ವರ್ಷದಿಂದ ಅಪ್ಪನ ಜೊತೆ ಈ ವರ್ಕ್‌ಶಾಪ್ ನಡೆಸುತ್ತಿರುವವಳು. ಗಾಯವನ್ನು ಬೆರಳಿನಲ್ಲಿ ಸವರಿ ನೋಡಿದಳು.

"ಪುಲ್ಲರ್ ಇದ್ದಿದ್ರೆ ಎಲ್ಡು ನಿಮ್ಸದ ಕೆಲ್ಸ ಕಣಪ್ಪ ಇದು."

"ಇಲ್ವಲ್ಲವ್ವ."

"ಯಾಕಿಲ್ಲ? ಎಲ್ಲದೆ ಅಂತ ನಿಂಗೂ ಗೊತ್ತು, ನಂಗೂ ಗೊತ್ತು."

ಬೋರಯ್ಯ ಸುತ್ತಿಗೆಯ ಹಿಡಿ ತಿರುಗಿಸಿ ನೋಡಿದ.

ಮೂರು ಕಾಲಿನ ಪುಲ್ಲರ್ ಅದು. ಕಾಲುಗಳನ್ನು ಬೇರಿಂಗಿನ ಹಿಂದಕ್ಕೆ ಕಚ್ಚಿಸಿ ನಡುವಿನ ತಿರುಪು ತಿರುಗಿಸುತ್ತ ಹೋದರೆ ಎಂಥ ಬೇರಿಂಗೂ ಸಲೀಸಾಗಿ ಈಚೆ ಬರುತ್ತದೆ. ಬೋರಯ್ಯ ಮೊದಲ ಸಂಪಾದನೆಯಲ್ಲಿ ಮೈಸೂರಿಗೆ ಹೋಗಿ ತಂದಿದ್ದು. ಎರಡು ವರ್ಷದ ಹಿಂದೆ ಕವಿತ ಇಲ್ಲದ ಹೊತ್ತಿನಲ್ಲಿ ಊರ ಗೌಡರ ಮನೆಯ ರಾಜೇಂದ್ರ ಬಂದು ಎತ್ತಿಕೊಂಡು ಹೋಗಿದ್ದ. ಕೇಳಿ ಅಲ್ಲ; ಹೊಲ, ರೇಷ್ಮೆ ಮನೆ, ಟ್ರ್ಯಾಕ್ಟರು ಎಲ್ಲ ಇದ್ದ ಆ ಮನೆಯವರಿಗೆ ಕೇಳಿ ಅಭ್ಯಾಸವಿರಲಿಲ್ಲ. ಬೋರಯ್ಯನ ಅಪ್ಪ ಅವರ ಕಣದಲ್ಲಿ ವರ್ಷಕ್ಕೊಮ್ಮೆ ರಾಗಿ ಅಳೆಸಿಕೊಂಡು ವರ್ಷವಿಡೀ ಕರೆದ ಕೆಲಸ ಮಾಡಿಕೊಟ್ಟವನು. ಆ ರಾಗಿಯ ಕಾಲ ಮುಗಿದು ನಲವತ್ತು ವರ್ಷವಾದರೂ ಕೈ ಹಾಕಿದ್ದೆಲ್ಲ ತಮ್ಮದೇ ಅನ್ನುವುದು ಆ ಮನೆಯಲ್ಲಿ ಮುಗಿದಿರಲಿಲ್ಲ.

ಆದರೆ ಕವಿತಳ ಹೊಟ್ಟೆ ಉರಿಸಿದ್ದು ಅದೂ ಅಲ್ಲ. ಆ ಸೀಮೆಯಲ್ಲಿ ಆಯುಧಪೂಜೆಯ ಹಿಂದಿನ ದಿನ ಎರವಲು ಹೋದ ಕುಡುಗೋಲು, ಹಾರೆ, ಗುದ್ದಲಿ ಎಲ್ಲ ಅವವುಗಳ ಮನೆ ಸೇರಬೇಕು. ಕಂಡವರ ಆಯುಧಕ್ಕೆ ಕುಂಕುಮ ಇಡುವುದಿಲ್ಲ. ಹೋದ ವರ್ಷ ಹಬ್ಬದ ದಿನ ಕವಿತ ರಸ್ತೆಯಲ್ಲಿ ನಡೆದು ಬರುವಾಗ ರಾಜೇಂದ್ರನ ಟ್ರ್ಯಾಕ್ಟರಿನ ಮುಂದೆ ಸಾಲಾಗಿ ಜೋಡಿಸಿದ್ದ ಸಾಮಾನಿನ ನಡುವೆ ಅವಳಪ್ಪನ ಪುಲ್ಲರ್ ಕೂತಿತ್ತು. ಮೂರು ಕಾಲಿಗೂ ಕುಂಕುಮ, ನೆತ್ತಿಗೊಂದು ಚೆಂಡು ಹೂವು. ಮನೆಗೆ ಬಂದು ಹೇಳಿದರೆ ಬೋರಯ್ಯ ಅಂದಿದ್ದ: "ಬುಡವ್ವ, ಪೂಜೆ ತಾನೇ ಮಾಡವ್ರೆ."

ಆ 'ಬುಡವ್ವ' ಒಂದು ವರ್ಷ ಅವಳ ಗಂಟಲಲ್ಲೇ ಇತ್ತು.

"ನಡಿ, ಮಳವಳ್ಳಿಗೋಗವ," ಅಂದಳು ಈಗ. "ಗ್ವಾಡೆಗೆ ತೂತಿನ ತಗಡು ಹೊಡ್ದು ಎಲ್ಲಾನೂ ನೇತಾಕ್ತೀನಿ. ಯಾವ್ದದೆ, ಯಾವ್ದಿಲ್ಲ, ಬಂದೋರ ಕಣ್ಗೆಲ್ಲ ಕಾಣ್ಬೇಕು."

ಮಳವಳ್ಳಿಯಲ್ಲಿ ಜಯಪ್ರಕಾಶನ ಹಾರ್ಡ್‌ವೇರ್ ಅಂಗಡಿ. ತಗಡು ಸಿಕ್ಕಿತು, ಕೊಕ್ಕೆ ಆರಿಸುವುದೇ ಒಂದು ಗಂಟೆಯಾಯಿತು. ಜಯಪ್ರಕಾಶ ಮೊದಲು ಒಂದು ಪ್ಯಾಕೆಟ್ ಸುರಿದ. ಕವಿತ ಒಂದು ಕೊಕ್ಕೆಯನ್ನು ತಗಡಿನ ತೂತಿಗೆ ಸಿಕ್ಕಿಸಿ, ಚೀಲದಲ್ಲಿ ತಂದಿದ್ದ ಸ್ಪ್ಯಾನರ್ ತೂಗುಹಾಕಿ, ತೆಗೆದಳು. ಸ್ಪ್ಯಾನರಿನ ಜೊತೆ ಕೊಕ್ಕೆಯೂ ಕೈಗೆ ಬಂತು.

"ಇದು ಬ್ಯಾಡ. ಸಾಮಾನು ಎತ್ಕಂಡೋನು ಕೊಕ್ಕೆನೂ ಎತ್ಕಂಡೋಯ್ತನೆ."

"ಎಲ್ರೂ ಇದೇ ತಕಂಡೋಗದು ಕಣಮ್ಮ."

"ಎಲ್ರ ಗ್ವಾಡೆಲಿ ಏನದೆ ನಂಗೊತ್ತಿಲ್ಲ. ಹಿಂದ್ಗಡೆ ನಟ್ಟು ಬಿಗಿಯೋದು ತಗೀರಿ."

ಅದೂ ಬಂತು. ಸುತ್ತಿಗೆಗೆ ಎರಡು ಬೆರಳಿನಂಥದ್ದು, ಕಟಿಂಗ್ ಪ್ಲೇಯರಿಗೆ ಅಗಲದ್ದು, ಸ್ಕ್ರೂಡ್ರೈವರಿಗೆ ಉಂಗುರದ್ದು. ಒಂದೊಂದನ್ನೂ ಸಿಕ್ಕಿಸಿ, ಎಳೆದು, ಬಾಗುತ್ತದೋ ಎಂದು ನೋಡಿ ಬೇರೆ ಇಟ್ಟಳು. ಕೊನೆಗೆ ತಕ್ಕಡಿಯ ಪಕ್ಕದಲ್ಲಿದ್ದ ಎರಡು ಕೇಜಿ, ಒಂದು ಕೇಜಿ ಬಟ್ಟುಗಳನ್ನು ಚೀಲಕ್ಕೆ ಹಾಕಿ ಬೆರಳು ದಪ್ಪದ ಕೊಕ್ಕೆಗೆ ನೇತುಹಾಕಿದಳು. ಬಾಗಲಿಲ್ಲ.

"ಅದ್ಕೇನ್ ತೂಗಾಕ್ತೀಯವ್ವ?" ಜಯಪ್ರಕಾಶನಿಗೆ ಕುತೂಹಲ.

"ಪುಲ್ಲರ್ರು."

"ತಂದಿದ್ರೆ ಅದ್ನೇ ತೂಗಾಕಿ ನೋಡ್ಬೋದಾಗಿತ್ತಲ್ಲ. ನನ್ ಬಟ್ಟು ಯಾಕೆ?"

"ಅದು ಮನೇಲಿಲ್ಲ."

"ಇಲ್ದಿರೋದ್ಕೆ ಕೊಕ್ಕೆಯಾ? ಹೆಣ್ಣು ನೋಡಕ್ ಮುಂಚೆ ತೊಟ್ಲು ತಂದಂಗಾಯ್ತು!"

ಬೋರಯ್ಯ ತಲೆ ತಗ್ಗಿಸಿ, "ಅದೊಂದ್ ಬ್ಯಾಡ ಕಣವ್ವ," ಅಂದ.

"ಅದ್ಕೇ ಕಣಪ್ಪ ಬಂದಿರೋದು," ಅಂದಳು ಕವಿತ.

ಮಾರನೆಯ ದಿನ ತಗಡು ಗೋಡೆ ಏರಿತು, ಬಾಬಾಸಾಹೇಬರ ಪಟದ ಕೆಳಗೆ. ಒಂದೊಂದು ಸಾಮಾನನ್ನೂ ತೂಗುಹಾಕಿ ಅದರ ಸುತ್ತ ಕೆಂಪು ಪೇಂಟಿನಲ್ಲಿ ಗೆರೆ ಎಳೆದಳು. ನಡುವೆ ಆ ದಪ್ಪ ಕೊಕ್ಕೆ ಬರಿದಾಗಿತ್ತು. ಅದರ ಕೆಳಗೆ ನೆನಪಿನಿಂದಲೇ ಪುಲ್ಲರ್ ಬರೆದಳು: ನಡುವಿನ ತಿರುಪು, ಮೂರು ಕಾಲು. ಬೋರಯ್ಯ ಕೂತಲ್ಲಿಂದಲೇ, "ಎಡಗಾಲು ಇನ್ನೊಂಚೂರು ಉದ್ದ," ಅಂದ. ಅಷ್ಟೇ ಅಂದಿದ್ದು.

ನವರಾತ್ರಿಯ ಮೂರನೇ ದಿನ ರಾಜೇಂದ್ರನ ಟ್ರ್ಯಾಕ್ಟರು ಬಾಗಿಲಿಗೆ ಬಂತು. ಹಿಂದೆ ಐದು ಎಚ್‌ಪಿ ಮೋಟ್ರು, ಸುಟ್ಟ ವಾಸನೆ.

"ಲೋ ಬೋರ, ಇಳಿಸ್ಕಳ್ಳೋ. ರೇಷ್ಮೆ ಹುಳ ನಾಲ್ಕನೇ ಜ್ವರದಿಂದ ಎದ್ದು ಹಸ್ಕಂಡವೆ, ಹಿಪ್ಪುನೇರಳೆಗೆ ನೀರಿಲ್ದೆ ಸೊಪ್ಪು ಬಾಡ್ತಾ ಅದೆ. ನಾಳೆ ಸಂಜೀಗೆ ಬೇಕು."

ಬೋರಯ್ಯನಿಗಿಂತ ಇಪ್ಪತ್ತು ವರ್ಷ ಚಿಕ್ಕವನು ರಾಜೇಂದ್ರ. ಅವನ 'ಲೋ' ಕವಿತಳಿಗೆ ಸೇರುತ್ತಿರಲಿಲ್ಲ. ಮೋಟ್ರು ಇಳಿಸಿದ ಮೇಲೆ ಅವನು ಒಳಗೆ ಬಂದು ಗೋಡೆ ನೋಡಿ ನಕ್ಕ.

"ಓಹೋ, ಒಡವೆ ಅಂಗ್ಡಿ ಮಾಡಿದ್ದೀರಿ!" ಅನ್ನುತ್ತ ಒಂದು ಸ್ಪ್ಯಾನರಿಗೆ ಕೈ ಹಾಕಿದವನ ಕಣ್ಣು ಬರಿದಾದ ಕೊಕ್ಕೆಯ ಮೇಲೆ ಬಿತ್ತು. "ಇದೇನವ್ವ, ಖಾಲಿ?"

"ಅದಾ? ಅದು ನಿಮ್ಮನೇಲದೆ ಗೌಡ್ರೇ. ಹೋದ್ ಹಬ್ಬುಕ್ಕೆ ಪೂಜೆ ಮಾಡಿದ್ರಲ್ಲ."

ಟೀ ಕುಡಿಯುತ್ತಿದ್ದ ಇಬ್ಬರು ಗಿರಾಕಿಗಳು ಲೋಟ ಕೆಳಗಿಟ್ಟರು. ರಾಜೇಂದ್ರ ಸ್ಪ್ಯಾನರಿನಿಂದ ಕೈ ತೆಗೆದ.

"ಏನು, ಕಳ್ಳ ಅಂತೀಯಾ ನನ್ನ? ಗ್ವಾಡೆ ಮ್ಯಾಲೆ ಬರ್ದು ಮಾನ ಕಳೀತೀಯಾ? ಲೋ ಬೋರ, ಮಗಳಿಗೆ ಮಾತು ಕಲ್ಸಿದ್ದೀಯಲ್ಲೋ ಚೆನ್ನಾಗಿ!"

"ಕಳ್ಳ ಅನ್ನಲಿಲ್ಲ. ನಿಮ್ ಮೋಟ್ರು ಬೇರಿಂಗು ಕೀಳಕ್ಕೆ ಅದೇ ಬೇಕು. ತಂದ್ಕೊಡಿ, ನಾಳೆ ಸಂಜೀಗೆ ಮೋಟ್ರು ತಕಂಡೋಗಿ."

"ಸುತ್ಗೇಲಿ ಹೊಡೀರಿ. ಇಷ್ಟ್ ದಿನ ಹೊಡೀತಿರ್ಲಿಲ್ವಾ?"

ಬೋರಯ್ಯ ಅಭ್ಯಾಸಬಲದಿಂದ ಗೋಡೆಯ ಸುತ್ತಿಗೆಗೆ ಕೈ ಚಾಚಿದ. ಕವಿತ ಅಡ್ಡ ನಿಂತಳು.

"ಹೊಡೆಯಲ್ಲ. ಶಾಫ್ಟು ಹಾಳಾದ್ರೆ ಬೈಸ್ಕಳೋರು ನಾವು. ಬ್ಯಾರೆ ಕಡೆ ತಕಂಡೋಗಿ. ಹಬ್ಬದ ಮುಂದೆ ಮಳವಳ್ಳಿಲಿ ಎಂಟ್ ದಿನ ಸರದಿ ಅದೆ."

ರಾಜೇಂದ್ರ ಟ್ರ್ಯಾಕ್ಟರು ಹತ್ತಿ, ಗೇರು ಮುರಿಯುವ ಹಾಗೆ ಎಳೆದು ಹೋದ. ಅರ್ಧ ಗಂಟೆಗೆ ಮತ್ತೆ ಬಂದ. ಇಳಿಯಲಿಲ್ಲ. ಪುಲ್ಲರನ್ನು ಸೀಟಿನ ಮೇಲಿಂದಲೇ ಬಾಗಿಲ ಧೂಳಿಗೆ ಎಸೆದ.

"ತಗಳ್ರಿ ನಿಮ್ ಆಸ್ತಿಯ!"

ಬೋರಯ್ಯ ಬಗ್ಗಿ ಎತ್ತಿಕೊಂಡ. ತುಕ್ಕು ಹಿಡಿದಿತ್ತು. ಸಂದಿಯಲ್ಲಿ ಹೋದ ವರ್ಷದ ಕುಂಕುಮ ಒಣಗಿ ಕಪ್ಪಾಗಿತ್ತು. ಎರಡೇ ಕಾಲು. ಎಡಗಾಲು ಇರಲಿಲ್ಲ.

"ಇನ್ನೊಂದು ಕಾಲೆಲ್ಲಿ?" ಕೇಳಿದ್ದು ಕವಿತ ಅಲ್ಲ, ಬೋರಯ್ಯ.

"ಎಲ್ಲೋ ಹೊಲ್ದಲ್ಲಿ ಬಿದ್ದೋಯ್ತು. ಎಲ್ಡ್ರಲ್ಲೇ ಮಾಡೋ."

ಬೋರಯ್ಯ ಪಂಚೆಯ ತುದಿಯಲ್ಲಿ ಕುಂಕುಮ ಒರೆಸಿದ. ಒರೆಸಿ ತಲೆ ಎತ್ತಿದ. ಕವಿತ ತನ್ನ ಇಪ್ಪತ್ತಾರು ವರ್ಷದಲ್ಲಿ ಅಪ್ಪನ ಆ ಮುಖ ನೋಡಿರಲಿಲ್ಲ.

"ಕುಂಕ್ಮ ಮಡಗ್ಬುಟ್ಟು ಮುರ್ದಾಕಿದ್ದೀಯಲ್ಲಯ್ಯ," ಅಂದ ಬೋರಯ್ಯ. "ನಿಮ್ಮಪ್ಪನ ರಾಗಿಗೆ ನಮ್ಮಪ್ಪ ದುಡ್ದು ತೀರ್ಸವ್ನೆ. ಇದು ನಾನ್ ತಂದಿದ್ದು. ಕಾಲು ಹುಡ್ಕಂಡ್ ಬಾ, ಇಲ್ಲ ಹೊಸಾದು ತತ್ತಾ. ಅಲ್ಲೀಗಂಟ ನಿನ್ ಮೋಟ್ರು ಮುಟ್ಟಕ್ಕಿಲ್ಲ. ಬೇಕಾದ್ರೆ ಈಗ್ಲೇ ಹೇರ್ಕಂಡೋಗು."

ರಾಜೇಂದ್ರ ಗಿರಾಕಿಗಳ ಕಡೆ ನೋಡಿದ. ಅವರಲ್ಲೊಬ್ಬ ಆಕಾಶ ನೋಡುತ್ತಿದ್ದ, ಇನ್ನೊಬ್ಬ ನೇರ ಅವನನ್ನೇ ನೋಡುತ್ತಿದ್ದ. ಮೋಟ್ರು ಎತ್ತಲು ನಾಲ್ಕು ಕೈ ಬೇಕು, ಯಾರೂ ಏಳಲಿಲ್ಲ. ಟ್ರ್ಯಾಕ್ಟರು ತಿರುಗಿತು.

ಬೋರಯ್ಯ ಪುಲ್ಲರನ್ನು ಕೊಕ್ಕೆಗೆ ತೂಗುಹಾಕಿದ. ಕೊಕ್ಕೆ ಬಾಗಲಿಲ್ಲ.

ಆಯುಧಪೂಜೆಯ ದಿನ ತಗಡಿನ ಮೇಲಿನ ಪ್ರತಿ ಸಾಮಾನಿಗೂ ಕವಿತ ಕುಂಕುಮ ಇಟ್ಟಳು. ಪುಲ್ಲರಿನ ಎರಡು ಕಾಲಿಗೆ ಇಟ್ಟಳು. ಎಡಗಾಲಿನ ಜಾಗದಲ್ಲಿ ಕೆಂಪು ಗೆರೆ ಮಾತ್ರ ಇತ್ತು. ಅದನ್ನು ಹಾಗೇ ಬಿಟ್ಟಳು. ರಾಜೇಂದ್ರನ ಮೋಟ್ರು ಮೂಲೆಯಲ್ಲಿ ಬಿಚ್ಚದೆ ಕೂತಿತ್ತು. ಅದಕ್ಕೆ ಬೋರಯ್ಯ ಹೂವು ಇಡಲು ಹೋದವನು ನಿಂತು, ಹೂವನ್ನು ತಿರುಗಿ ತಟ್ಟೆಗೆ ಹಾಕಿದ.

"ಕಂಡೋರ ಸಾಮಾನು," ಅಂದ.