ಏಳು ಮೂಟೆ ಉಪ್ಪು

ಸಂಗಣ್ಣನಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವನ ಹೆಂಡತಿ ಶೈಲಾ ಹೇಳುವುದು ಸುಳ್ಳೇನಲ್ಲ. ಆದರೆ ಆ ಗುರುವಾರ ಬಂದ ಸಿಟ್ಟನ್ನು ಮಾತ್ರ ಅವಳೂ ತಪ್ಪು ಎನ್ನಲಿಲ್ಲ. ಪಟ್ಟಂದೂರು ಅಗ್ರಹಾರದ ಆ ಬಡಾವಣೆಯಲ್ಲಿ ಐದು ಮನೆಗಳಿಗೆ ಈಜುಕೊಳವಿದೆ. ಐದನ್ನೂ ಆರು ವರ್ಷದಿಂದ ನೋಡಿಕೊಂಡು ಬಂದವನು ಲಿಂಗಸುಗೂರು ಕಡೆಯ ಈ ಸಂಗಣ್ಣನೇ. ಅಂಥವನನ್ನು ದೇವರಾಜ್ ಬಡಾವಣೆಯ ವಾಟ್ಸಾಪ್ ಗುಂಪಿನಲ್ಲಿ, ನೂರಿಪ್ಪತ್ತು ಮನೆಯವರು ಓದುವ ಹಾಗೆ, ಕಳ್ಳ ಎಂದು ಬರೆದು ಕೂತಿದ್ದ.

ದೇವರಾಜ್ ಎಂದರೆ ಆ ಬಡಾವಣೆಯ ಸಂಘದ ಸೆಕ್ರೆಟರಿ. ಅವನಪ್ಪ ರಾಗಿ ಬೆಳೆಯುತ್ತಿದ್ದ ಹೊಲವೇ ಈಗ ಬಡಾವಣೆಯಾಗಿದೆ, ಹಾಗಾಗಿ ಗೇಟಿನ ಕಾವಲುಗಾರನಿಂದ ಹಿಡಿದು ಬೀದಿನಾಯಿಯವರೆಗೆ ಎಲ್ಲರೂ ತನ್ನ ಮಾತು ಕೇಳಬೇಕು ಎಂಬುದು ಅವನ ನಂಬಿಕೆ. ಹಿತ್ತಲಲ್ಲಿ ಉಪ್ಪುನೀರಿನ ಕೊಳ ಕಟ್ಟಿಸಿದ್ದ. ಈ ಬಗೆಯ ಕೊಳದಲ್ಲಿ ಕ್ಲೋರಿನ್ನನ್ನು ಹೊರಗಿನಿಂದ ತಂದು ಸುರಿಯುವುದಿಲ್ಲ. ನೀರಿಗೆ ಉಪ್ಪು ಹಾಕಿರುತ್ತಾರೆ, ಪಂಪಿನ ಪಕ್ಕದಲ್ಲಿರುವ ಸೆಲ್ಲು ಕರೆಂಟು ಹಾಯಿಸಿ ಆ ಉಪ್ಪಿನಿಂದಲೇ ಕ್ಲೋರಿನ್ ಹುಟ್ಟಿಸುತ್ತದೆ. ಸಂಗಣ್ಣ ತಮ್ಮನ ಮದುವೆಗೆಂದು ಊರಿಗೆ ಹೋಗಿ ಹನ್ನೆರಡು ದಿನ ಬಿಟ್ಟು ಬಂದಾಗಿನಿಂದ ಈ ಕೊಳದಲ್ಲಿ ಕ್ಲೋರಿನ್ ನಿಲ್ಲುತ್ತಲೇ ಇರಲಿಲ್ಲ. ಗೋಡೆಗೆ ಪಾಚಿ ಹಿಡಿಯತೊಡಗಿತ್ತು. ಸಾಲದ್ದಕ್ಕೆ ಪಂಪಿನ ಕೋಣೆಯಲ್ಲಿ ಇಟ್ಟಿದ್ದ ಏಳು ಮೂಟೆ ಉಪ್ಪೂ ಮಾಯವಾಗಿತ್ತು.

ದೇವರಾಜ್ ತನಿಖೆ ಗಿನಿಖೆ ಮಾಡಲಿಕ್ಕೆ ಹೋಗಲಿಲ್ಲ. ಉಪ್ಪಿಲ್ಲ, ಕ್ಲೋರಿನ್ನೂ ಇಲ್ಲ, ಮದುವೆ ಖರ್ಚಿಗೆ ಇವನೇ ಮಾರಿಕೊಂಡಿದ್ದಾನೆ ಎಂದು ತೀರ್ಪು ಕೊಟ್ಟುಬಿಟ್ಟ. ನೀರಿನಲ್ಲಿ ಉಪ್ಪು ಸರಿಯಾಗಿಯೇ ಇದೆ, ಬೇಕಾದರೆ ಮೀಟರು ನೋಡಿ ಎಂದು ಸಂಗಣ್ಣ ತೋರಿಸಿದರೆ, ಆ ಮೀಟರನ್ನೂ ನೀನೇ ತಿರುಚಿಟ್ಟಿರಬೇಕು ಎಂದ. ಇಂಥವನಿಗೆ ಏನು ಹೇಳುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ.

ಶುಕ್ರವಾರ ಬೆಳಿಗ್ಗೆ ಮೂಲೆಮನೆಯ ವಿನಾಯಕ್, ನಾಳೆಯಿಂದ ಬರಬೇಡ ಎಂದು ಗೇಟಿನಲ್ಲೇ ಹೇಳಿ ಕಳಿಸಿದ. ಮಧ್ಯಾಹ್ನ ಇನ್ನೊಂದು ಮನೆಯವರು ಫೋನನ್ನೇ ಎತ್ತಲಿಲ್ಲ. ಕೆಲಸ ಹೋದರೆ ಇನ್ನೊಂದು ಹುಡುಕಬಹುದು, ಆದರೆ ಕೀಲಿಕೈ ನಂಬಿ ಕೊಡುವ ಕೆಲಸದಲ್ಲಿ ಕಳ್ಳನೆಂಬ ಹೆಸರು ಹೊತ್ತುಕೊಂಡು ಯಾವ ಗೇಟಿನೊಳಗೆ ಕಾಲಿಡುವುದು? ಭಾನುವಾರದೊಳಗೆ ನಿಜ ಏನೆಂದು ತೋರಿಸುತ್ತೇನೆ, ತೋರಿಸದಿದ್ದರೆ ಪೊಲೀಸರಿಗೆ ಕೊಡಿ ಎಂದು ಸಂಗಣ್ಣ ದೇವರಾಜನಿಗೆ ಸವಾಲು ಹಾಕಿ ಬಂದ.

ಸೆಲ್ಲು ಬಿಚ್ಚಿ ನೋಡಿದ. ಗಡಸುನೀರಿನ ಸುಣ್ಣ ತೆಳ್ಳಗೆ ಕಟ್ಟಿತ್ತು, ಆಸಿಡ್ಡಿನಲ್ಲಿ ತೊಳೆದು ಹಾಕಿದ. ಪಂಪು ಎಂಟು ಗಂಟೆ ಓಡುತ್ತಿದ್ದದ್ದನ್ನು ಹನ್ನೆರಡು ಗಂಟೆ ಓಡಿಸಿದ. ಏನೂ ಪ್ರಯೋಜನವಾಗಲಿಲ್ಲ. ಶನಿವಾರ ಹೊತ್ತು ಮುಳುಗಿದ ಮೇಲೆ ಪುಟ್ಟ ಶೀಶೆಯಲ್ಲಿ ನೀರು ಹಿಡಿದು ಔಷಧಿ ಹನಿಸಿದರೆ ತಿಳಿಹಳದಿ ಬಣ್ಣ ಬಂತು, ಅಂದರೆ ಒಂದಿಷ್ಟು ಕ್ಲೋರಿನ್ ಇದೆ. ಭಾನುವಾರ ಸೂರ್ಯ ಹುಟ್ಟುವ ಮೊದಲೇ ಬಂದು ಮತ್ತೆ ನೋಡಿದ. ಹಳದಿ ಹಾಗೇ ಇತ್ತು, ಎಳ್ಳಷ್ಟೂ ಇಳಿದಿರಲಿಲ್ಲ. ಹನ್ನೊಂದು ಗಂಟೆಗೆ ಬಿಸಿಲು ನೆತ್ತಿಗೇರುತ್ತಿರುವಾಗ ಮೂರನೇ ಸಲ ನೋಡಿದರೆ ಶೀಶೆಯ ನೀರಿಗೆ ಬಣ್ಣವೇ ಬರಲಿಲ್ಲ.

ಅಲ್ಲಿಗೆ ಅವನಿಗೆ ಗೊತ್ತಾಯಿತು. ರಾತ್ರಿಯೆಲ್ಲ ಉಳಿದ ಕ್ಲೋರಿನ್ನನ್ನು ಹಗಲಿನಲ್ಲಿ ತಿನ್ನುತ್ತಿರುವುದು ಬಿಸಿಲು. ಬಿಸಿಲು ತಿನ್ನದ ಹಾಗೆ ಕಾಯಲೆಂದೇ ಸ್ಟೆಬಿಲೈಸರ್ ಎಂಬ ಬಿಳಿ ಪುಡಿ ಹಾಕುತ್ತಾರೆ, ಶಿವರಾತ್ರಿ ಹೊತ್ತಿಗೆ ಅವನೇ ಕೈಯಾರೆ ಹಾಕಿದ್ದ. ಬಾಟಲಿಯಲ್ಲಿ ನೀರು ತುಂಬಿಕೊಂಡು ಮೇನ್ ರೋಡಿನ ಅಂಗಡಿಗೆ ಓಡಿದ. ಅಂಗಡಿಯವನು ಪರೀಕ್ಷೆ ಮಾಡಿ, ಈ ನೀರಿನಲ್ಲಿ ಆ ಪುಡಿ ಒಂದು ಚಿಟಿಕೆಯೂ ಇಲ್ಲ ಎಂದು ಚೀಟಿ ಬರೆದುಕೊಟ್ಟ. ಪುಡಿ ಆವಿಯಾಗುವಂಥದ್ದಲ್ಲ, ಬಿಸಿಲಿಗೆ ಬೇಗನೆ ಕರಗುವಂಥದ್ದೂ ಅಲ್ಲ. ನೀರು ಹೊರಗೆ ಹೋದರೆ ಮಾತ್ರ ಅದರ ಜೊತೆಗೆ ಹೋಗುತ್ತದೆ. ಆ ಕೊಳವನ್ನು ಖಾಲಿ ಮಾಡಿ ಹೊಸದಾಗಿ ತುಂಬಿಸಿದರೆ ಎಷ್ಟು ಉಪ್ಪು ಬೇಕು ಎಂದು ಲೆಕ್ಕ ಹಾಕಿದ. ಸರಿಯಾಗಿ ಏಳು ಮೂಟೆ.

ಮೂರು ಗಂಟೆಗೆ ಹಿತ್ತಲಿಗೆ ಬಂದು ಚೀಟಿಯನ್ನು ದೇವರಾಜನ ಮುಂದಿಟ್ಟ. ಹೆಂಡತಿ ಕೃಪಾ ಪಕ್ಕದಲ್ಲಿ ನಿಂತಿದ್ದಳು, ತಾಯಿ ಚಿಕ್ಕಮುನಿಯಮ್ಮ ನೆರಳಿನಲ್ಲಿ ಕುರ್ಚಿ ಹಾಕಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದಳು. ನಾನು ಊರಿನಲ್ಲಿದ್ದಾಗ ಯಾರೋ ಕೊಳ ಖಾಲಿ ಮಾಡಿದ್ದಾರೆ ಎಂದು ಸಂಗಣ್ಣ ಹೇಳಿದ್ದೇ ತಡ, ದೇವರಾಜ್ ಬಾಯಿಗೆ ಬಂದ ಹಾಗೆ ಬೈದ. ಈ ಬೇಸಿಗೆಯಲ್ಲಿ ಕೊಳಗಳಿಗೆ ಟ್ಯಾಂಕರ್ ನೀರು ಬಿಡಕೂಡದೆಂದು ನೋಟಿಸು ಹಾಕಿದವನು ನಾನು, ನನ್ನ ಮನೆಯಲ್ಲೇ ಖಾಲಿ ಮಾಡುತ್ತಾರೇನೋ, ಕದ್ದಿದ್ದಲ್ಲದೆ ಕಥೆ ಬೇರೆ ಕಟ್ಟುತ್ತೀಯ ಎಂದ.

ತಾನು ಊರಿಗೆ ಹೋದ ಮರುದಿನವೇ ಮಾಕಳಿಯಲ್ಲಿ ದೇವರಾಜನ ಚಿಕ್ಕಪ್ಪ ತೀರಿಕೊಂಡದ್ದು, ದೇವರಾಜ್ ಮತ್ತು ಕೃಪಾ ತಿಥಿಗೆಂದು ಎರಡು ದಿನ ಅಲ್ಲೇ ಉಳಿದದ್ದು, ಮೊಣಕಾಲು ನೋವೆಂದು ಅಜ್ಜಿ ಮಾತ್ರ ಮನೆಯಲ್ಲಿದ್ದದ್ದು ಸಂಗಣ್ಣನ ಕಿವಿಗೆ ಬಿದ್ದಿತ್ತು. ಅವನು ನೇರ ಅಜ್ಜಿಯ ಕಡೆಗೇ ತಿರುಗಿದ.

“ಅವ್ವಾರ, ತಪ್ಪು ತಿಳಿಬ್ಯಾಡ್ರಿ. ಮಾಕಳಿ ಯಜಮಾನ್ರು ಹೋದ ಮ್ಯಾಲೆ ಸೂತಕದ ನೀರು ಮನಿಯಾಗ ಹಂಗ ಇಟ್ಕೊಂಡೀರೇನ್ರಿ?”

ಚಿಕ್ಕಮುನಿಯಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಮೂರು ದಿನದಿಂದ ಎದುರಿನವನನ್ನು ಕಳ್ಳ ಎನ್ನುತ್ತಿದ್ದರೂ ತುಟಿ ಬಿಚ್ಚದೆ ಕೂತಿದ್ದ ಮುದುಕಿ ಎಲೆಯಡಿಕೆ ಉಗಿದು ಎದ್ದು ನಿಂತಳು.

“ಯಾರನ್ನ ಕೇಳ್ತಿದೀಯ ಈ ಮಾತ? ಸೂತಕದ ನೀರು ಮಡಿಕ್ಕೊಂಡು ದೇವ್ರಿಗೆ ದೀಪ ಅಚ್ಚಕ್ಕೆ ನಮ್ದೇನು ಗತಿಗೆಟ್ಟೋರ ಮನೆಯಾ? ಅಂಡೆ, ಕೊಡ, ಡ್ರಮ್ಮು, ಒಂದೂ ಬಿಡ್ದಂಗೆ ಚೆಲ್ಸಿದೀನಿ.”

“ಈ ಕೊಳದ್ದೂ ಚೆಲ್ಲಿಸಿದ್ರೇನ್ರಿ?”

“ಅದೇನು ಆಕಾಸದಾಗೈತಾ? ಅದೂ ಮನೆ ನೀರೇ.”

ಕೃಪಾ ಡ್ರೈವರ್ ಆವಲಪ್ಪನನ್ನು ಕರೆದಳು. ಅವನು ನೆಲ ನೋಡುತ್ತಾ ಎಲ್ಲ ಒಪ್ಪಿಕೊಂಡ. ಅಜ್ಜಿ ಹೇಳಿದರೆಂದು ಮೋಟಾರು ಹಾಕಿ ಕೊಳ ಬರಿದು ಮಾಡಿದ್ದ, ಎಂಟು ಟ್ಯಾಂಕರ್ ತರಿಸಿ ತುಂಬಿಸಿದ್ದ. ಉಪ್ಪು ಕಡಿಮೆ ಎಂದು ಸೆಲ್ಲಿನ ಪೆಟ್ಟಿಗೆಯ ಮೇಲೆ ಉರಿಯುವ ಕೆಂಪು ದೀಪ ಆರುವವರೆಗೂ ಮೂಟೆ ಒಡೆದೊಡೆದು ಸುರಿದಿದ್ದ. ಬಿಳಿ ಪುಡಿಯ ವಿಷಯ ಅವನಿಗೆ ತಿಳಿದೇ ಇರಲಿಲ್ಲ. ಸೆಕ್ರೆಟರಿ ಮನೆಯಲ್ಲೇ ಟ್ಯಾಂಕರ್ ತರಿಸಿದರೆಂದರೆ ಮಗನ ಮಾನ ಹೋಗುತ್ತದೆಂದು ಇಬ್ಬರೂ ಬಾಯಿ ಮುಚ್ಚಿಕೊಂಡಿದ್ದರಂತೆ. ಮಗನ ಮಾನ ಉಳಿಯಬೇಕು, ಅದಕ್ಕೆ ಕೂಲಿಯವನು ಕಳ್ಳನಾದರೂ ಚಿಂತೆಯಿಲ್ಲ. ಎಂಥಾ ನ್ಯಾಯ ನೋಡಿ.

ದೇವರಾಜ್ ಸಂಗಣ್ಣನ ಮುಖ ನೋಡಲಿಲ್ಲ. ಫೋನು ತೆಗೆದು ಏನೋ ಒತ್ತಿದ.

“ಮೆಸೇಜ್ ಡಿಲೀಟ್ ಮಾಡಿದೀನಿ. ಆಯ್ತಲ್ಲ? ಪುಡಿ ಹಾಕಿ ಹೋಗು.”

“ಓದಿದವರ ತಲಿಯಾಗಿಂದ ಹ್ಯಾಂಗ ಡಿಲೀಟ್ ಮಾಡ್ತೀರಿ ಸಾರ್? ಕಳ್ಳ ಅಂತ ಬರೆದ್ರಿ, ಕಳ್ಳ ಅಲ್ಲ ಅಂತನೂ ಬರೀರಿ. ನೀವು ಬರೀದಿದ್ರ ನಾನೇ ಮನಿಮನಿಗೆ ಹೋಗಿ ಹೇಳ್ತೀನಿ. ಪೂರಾ ಹೇಳ್ತೀನಿ.”

ಪೂರಾ ಎಂದರೆ ಎಂಟು ಟ್ಯಾಂಕರ್ ಎಂಬುದು ದೇವರಾಜನಿಗೆ ಅರ್ಥವಾಯಿತು. ನನ್ನನ್ನೇ ಹೆದರಿಸುತ್ತೀಯಾ, ಈ ಬಡಾವಣೆಯಲ್ಲಿ ಹೇಗೆ ಬದುಕುತ್ತೀಯೋ ನೋಡುತ್ತೇನೆ ಎಂದು ಹಲ್ಲು ಕಡಿದ. ಈಗ ಬದುಕು ಎಲ್ಲಿ ಉಳಿಸಿದ್ದೀರಿ ಎಂದು ಸಂಗಣ್ಣ ಕೇಳಿದ. ಬರೆದುಬಿಡಿ ಎಂದು ಕೃಪಾ ಗಂಡನಿಗೆ ಗಟ್ಟಿಯಾಗಿಯೇ ಹೇಳಿದಳು. ಕೊನೆಗೆ ದೇವರಾಜ್ ಒಂದೊಂದೇ ಅಕ್ಷರ ಕುಟ್ಟಿ ಬರೆದ: ಸಂಗಣ್ಣ ಉಪ್ಪು ಕದ್ದಿಲ್ಲ, ನನ್ನಿಂದ ತಪ್ಪಾಯಿತು. ಕೃಪಾ ಅದನ್ನು ಜೋರಾಗಿ ಓದಿ ಹೇಳಿದಳು.

ಸಂಗಣ್ಣ ಅಂಗಡಿಯಿಂದ ತಂದಿದ್ದ ಪುಡಿಯ ಪೊಟ್ಟಣವನ್ನು ಆವಲಪ್ಪನ ಕೈಗಿಟ್ಟ. ಎರಡು ಕೆಜಿಯನ್ನು ಬಟ್ಟೆಯಲ್ಲಿ ಕಟ್ಟಿ ನೀರಿನಲ್ಲಿ ಇಳಿಬಿಡಬೇಕು, ಎರಡು ದಿನ ಯಾರನ್ನೂ ಕೊಳಕ್ಕೆ ಇಳಿಸಬಾರದು ಎಂದ. ನೀನೇ ಹಾಕಣ್ಣ ಎಂದು ಆವಲಪ್ಪ ಕೇಳಿಕೊಂಡ. ಈ ಮನೆಯ ನೀರು ಇನ್ನು ಮುಟ್ಟುವುದಿಲ್ಲ ಎಂದು ಹೇಳಿ ಸಂಗಣ್ಣ ಕೀಲಿಕೈಯನ್ನು ಕಟ್ಟೆಯ ಮೇಲಿಟ್ಟ.

ಅಷ್ಟರಲ್ಲಿ ದೇವರಾಜನ ಫೋನು ಟಿಂಗ್ ಎಂದಿತು. ಮೂಲೆಮನೆಯ ವಿನಾಯಕ್ ಬರೆದಿದ್ದ: ಒಳ್ಳೇದಾಯ್ತು ಸೆಕ್ರೆಟರಿ ಸಾರ್, ಹಾಗಾದ್ರೆ ಏಳು ಮೂಟೆ ಉಪ್ಪು ಎಲ್ಲಿ ಹೋಯ್ತು? ಅದರ ಕೆಳಗೆ ಇನ್ನಿಬ್ಬರು ಅದನ್ನೇ ಕೇಳಿದರು. ದೇವರಾಜನ ಮುಖದ ಬಣ್ಣ ಇಳಿಯಿತು. ಆರು ವರ್ಷದಲ್ಲಿ ಮೊದಲ ಸಲ ಅವನು ಸಂಗಣ್ಣನನ್ನು ಮೆಲುದನಿಯಲ್ಲಿ ಕೇಳಿದ.

“ಈಗ ಏನಂತ ಬರೀಲೋ?”

“ಮೂರು ದಿನದಿಂದ ಊರೆಲ್ಲ ನಂಗೂ ಇದನ್ನ ಕೇಳಾಕತ್ತಿತ್ತು ಸಾರ್,” ಎಂದ ಸಂಗಣ್ಣ. “ಇವತ್ತು ನೀವು ಹೇಳ್ರಿ.”

ಬಕೆಟ್ಟು, ಬ್ರಶ್ಶು ಎತ್ತಿಕೊಂಡು ಅವನು ಗೇಟು ದಾಟಿದ. ಹಿಂದೆ ಫೋನು ಮತ್ತೆ ಮತ್ತೆ ಟಿಂಗ್ ಎನ್ನುತ್ತಲೇ ಇತ್ತು.