ಎಡೆಯಲ್ಲಿ ಹುರುಳಿ ಬಸ್ಸಾರು

ಪ್ರತಿಭಾ ಬಸ್ಸಿಳಿದು ಬರುವುದನ್ನು ಕಂಡೇ ಬಸವಲಿಂಗಮ್ಮನಿಗೆ ಮೈ ಉರಿಯಿತು. ನಾದಿನಿ ಬರಿಗೈಯಲ್ಲಿ ಬಂದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ. ಕೈಯಲ್ಲಿ ಹಸಿರು ವೈರ್ ಬ್ಯಾಗು, ಅದರೊಳಗೆ ಸ್ಟೀಲ್ ಡಬ್ಬಿ. ಮಹಾಲಯ ಅಮಾವಾಸ್ಯೆಯ ದಿನ ಅರಕಲಗೂಡಿನಿಂದ ದುದ್ದದವರೆಗೆ ಡಬ್ಬಿ ಹೊತ್ತು ತಂದಿದ್ದಾಳೆಂದರೆ ಅದರಲ್ಲಿರುವುದು ಅಡುಗೆಯೇ. ಅತ್ತೆ ತೀರಿಕೊಂಡ ಮೇಲಿನ ಮೊದಲ ಹಿರಿಯರ ಹಬ್ಬ ಇದು. ಎಡೆಗೆ ಬೇಕಾದ್ದನ್ನೆಲ್ಲ ಬೆಳಗಿನಿಂದ ಒಬ್ಬಳೇ ಬೇಯಿಸಿ ಸೊಂಟ ಹಿಡಿದುಕೊಂಡು ನಿಂತಿರುವವಳ ಮನೆಗೆ ಇನ್ನೊಬ್ಬಳು ಅಡುಗೆ ತರುವುದೆಂದರೆ ಏನರ್ಥ?

ಆ ಬ್ಯಾಗು ಅತ್ತೆಯೇ ಹೆಣೆದದ್ದು. ಹಾಸನದಿಂದ ಪ್ಲಾಸ್ಟಿಕ್ ವೈರು ತರಿಸಿಕೊಂಡು, ಜಗಲಿಯ ಮೇಲೆ ಕಾಲು ಚಾಚಿ ಕೂತು, ಮುದುಕಿ ನೆಂಟರಿಗೆಲ್ಲ ಬ್ಯಾಗು ಹೆಣೆದು ಕೊಟ್ಟಿದ್ದಳು. ಹೆಣೆಯುವಷ್ಟು ಹೊತ್ತೂ ಡೇರಿಗೆ ಹಾಲು ಹಾಕಲು ಹೋಗುವವರ ಜೊತೆ ಬಾಯಿ ತುಂಬ ಮಾತು. ಊಟಕ್ಕೆ ಒಳಗೆ ಬಂದಳೋ, ಮಾತು ಬಂದ್. ಇಟ್ಟದ್ದನ್ನು ಉಂಡು, ಕೈ ತೊಳೆದು ಎದ್ದು ಹೋಗುತ್ತಿದ್ದಳು.

ಮೊದಲು ಹಾಗಿರಲಿಲ್ಲ. ಬಸವಲಿಂಗಮ್ಮ ಮದುವೆಯಾಗಿ ಬಂದ ಹೊಸದರಲ್ಲಿ, ನೆಂಟರೆಲ್ಲ ಪಂಕ್ತಿಯಲ್ಲಿ ಕೂತಿರುವಾಗ, ಇದೇನು ಸಾರೋ, ದನಕ್ಕಿಡೋ ಕಲಗಚ್ಚೋ ಎಂದು ಅತ್ತೆ ಕೇಳಿದ್ದಳು. ಸೊಸೆ ಅವತ್ತೇ ಬಟ್ಟೆ ಗಂಟು ಕಟ್ಟಿಕೊಂಡು ನುಗ್ಗೇಹಳ್ಳಿಯ ತವರಿಗೆ ಹೋಗಿ ನಾಲ್ಕು ತಿಂಗಳು ಕೂತುಬಿಟ್ಟಳು. ಕೊನೆಗೆ ಗಂಡ ರುದ್ರಯ್ಯ ಬಂದು ಗೋಗರೆದು ಕರೆದುಕೊಂಡು ಹೋದ. ಅಲ್ಲಿಂದಾಚೆಗೆ ಇಪ್ಪತ್ತೆಂಟು ವರ್ಷ ಅತ್ತೆ ಅಡುಗೆಗೆ ಹೆಸರಿಡಲಿಲ್ಲ. ಅದರಲ್ಲೂ ಹುರುಳಿ ಬಸ್ಸಾರು ಮಾಡಿದ ದಿನ, ಇನ್ನೊಂದು ಸೌಟು ಹಾಕಲೇ ಎಂದರೆ ತಟ್ಟೆ ಮುಂದೆ ಮಾಡುತ್ತಿದ್ದಳು. ಮುದುಕಿಯ ನಾಲಗೆಯನ್ನು ಗೆದ್ದೆ ಎಂದುಕೊಂಡ ಬಸವಲಿಂಗಮ್ಮ ವಾರಕ್ಕೆ ಮೂರು ಸಲ ಅದನ್ನೇ ಮಾಡಿದಳು. ಒಳ್ಳೆಯ ಮಾತು ಬಾಯಿಂದ ಬರದಿದ್ದರೇನು, ತಟ್ಟೆ ಹೇಳುತ್ತದಲ್ಲ ಎಂಬುದೇ ಅವಳ ಸಮಾಧಾನವಾಗಿತ್ತು.

ನಡುಮನೆಯಲ್ಲಿ ಅತ್ತೆಯ ಫೋಟೋ, ಹೊಸ ಸೀರೆ, ಮುಂದೆ ಬಾಳೆಲೆ. ಸತ್ತವರು ಏನನ್ನು ಇಷ್ಟಪಟ್ಟು ಉಣ್ಣುತ್ತಿದ್ದರೋ ಅದು ಎಲೆಯ ನಡುವೆ ಇರಬೇಕು. ಒಬ್ಬಟ್ಟು, ವಡೆ, ಪಾಯಸಗಳನ್ನೆಲ್ಲ ಸುತ್ತ ಬಡಿಸಿ, ನಡುವೆ ಮುದ್ದೆಯಿಟ್ಟು, ಪಕ್ಕಕ್ಕೆ ದೊನ್ನೆ ತುಂಬ ಬಸ್ಸಾರು ಇಟ್ಟಿದ್ದಳು. ಪ್ರತಿಭಾ ಕಾಲು ತೊಳೆದು ನೆಟ್ಟಗೆ ಒಳಗೆ ಬಂದವಳೇ ಮುದ್ದೆಯನ್ನೂ ದೊನ್ನೆಯನ್ನೂ ಎಲೆಯ ಅಂಚಿಗೆ ಸರಿಸಿದಳು. ಡಬ್ಬಿ ಬಿಚ್ಚಿ ನಡುವೆ ಒತ್ತುಶಾವಿಗೆ ಹಾಕಿ ಮೇಲೆ ಕಾಯಿಹಾಲು ಹುಯ್ದಳು. ಕೇಳಲಿಲ್ಲ, ಹೇಳಲಿಲ್ಲ.

ಎಡೆ ಇಡುವುದು ಸೊಸೆಯ ಕೆಲಸ, ಮಗಳು ಬಂದರೆ ಉಂಡು ಹೋಗಬೇಕು ಅಷ್ಟೇ ಎಂದಳು ಬಸವಲಿಂಗಮ್ಮ. ಹೆತ್ತವಳಿಗೆ ಏನು ಸೇರುತ್ತಿತ್ತು ಎಂದು ಹೊರಗಿನಿಂದ ಬಂದವಳು ತನಗೆ ಹೇಳಿಕೊಡಬೇಕಿಲ್ಲ ಎಂದಳು ಪ್ರತಿಭಾ. ಮಲ್ಲಿಪಟ್ಟಣದಿಂದ ಬಂದಿದ್ದ ಚಿಕ್ಕಮಾವ ಈಶ್ವರಯ್ಯ ಇಬ್ಬರದ್ದೂ ಇರಲಿ ಬಿಡಿ ಎಂದು ಗೊಣಗಿದರು. ಅವರ ಮಾತಿಗೆ ಇಬ್ಬರೂ ಕಿವಿಗೊಡಲಿಲ್ಲ.

"ಅವ್ವಂಗೆ ಉಳ್ಳಿ ಬಸ್ಸಾರು ಆಗ್ತಿರ್ನಿಲ್ಲ ಕಣತ್ತಿಗೆ," ಎಂದಳು ಪ್ರತಿಭಾ. "ಉಂಡ್ರೆ ಎದೆ ಉರಿ. ನಮ್ಮನೇಗ್ ಬಂದ್ರೆ ಮೂರ್ ದಿನ ಬರೀ ಮಜ್ಜಿಗೆ ಕುಡ್ಕಂಡ್ ಮಲೀಕತಿದ್ಲು. ಸತ್ತೋಳಿಗೂ ಅದ್ನೇ ಬಡುಸ್ತಿದ್ದೀಯಲ್ಲ."

ಸುಳ್ಳು ಎಂದು ಬಸವಲಿಂಗಮ್ಮ ಗಂಡನ ಕಡೆ ತಿರುಗಿದಳು. ರುದ್ರಯ್ಯ ಊದುಬತ್ತಿ ಹಚ್ಚುತ್ತಿದ್ದವನು ಹಚ್ಚುತ್ತಲೇ ಇದ್ದ. ಆ ಬೆನ್ನು ನೋಡಿದ ಮೇಲೆ ಕೇಳುವುದೇ ಬೇಕಿರಲಿಲ್ಲ. ಆದರೂ ಕೇಳಿದಳು.

"ದಿಟ ಕಣೆ," ಎಂದ ಅವನು. "ನೀನು ತವರಿಂದ ವಾಪಸ್ ಬಂದ ದಿನ ಅವ್ವಂಗೆ ಹೇಳಿದ್ದೆ. ಇವಳ ಅಡ್ಗೆಗೆ ಇನ್ನೊಂದ್ ಮಾತಾಡುದ್ರೆ ನಾನೇ ಮನೆ ಬಿಟ್ಟು ಓಯ್ತೀನಿ ಅಂತ. ಅದ್ಕೇ ಬಾಯಿ ಬುಡ್ನಿಲ್ಲ ಅವ್ಳು."

"ನೀವಾದ್ರೂ ನಂಗೆ ಹೇಳ್ಬೋದಿತ್ತಲ್ಲ?"

"ಹೇಳುದ್ರೆ ನೀನು ಸುಮ್ಕಿರ್ತಿದ್ಯಾ?"

ಬಸವಲಿಂಗಮ್ಮನಿಗೆ ಮೊದಲು ಬಂದದ್ದು ನಾಚಿಕೆ. ಎದೆಯುರಿ ಇದ್ದವಳಿಗೆ ಮೇಲಿಂದ ಮೇಲೆ ಸೌಟು ಸೌಟು ಹಾಕಿದ್ದೇನೆ, ಹೆಮ್ಮೆಯಿಂದ ಹಾಕಿದ್ದೇನೆ. ಅದರ ಹಿಂದೆಯೇ ಸಿಟ್ಟು ಬಂತು, ನಾಚಿಕೆಯನ್ನು ಮೂಲೆಗೆ ತಳ್ಳಿ ಬಂತು. ಗಂಡನಿಗೆ ಗೊತ್ತು, ನಾದಿನಿಗೆ ಗೊತ್ತು, ಅರಕಲಗೂಡಿನ ಅವಳ ಓಣಿಗೆಲ್ಲ ಗೊತ್ತಿರಬೇಕು. ದಿನಾ ಒಲೆ ಮುಂದೆ ಬೆಂದವಳಿಗೆ ಮಾತ್ರ ಗೊತ್ತಿಲ್ಲ. ಆ ಮುದುಕಿಯಾದರೂ ಒಂದು ದಿನ, ಬೇಡ ಕಣೆ, ನಂಗಾಗಕ್ಕಿಲ್ಲ ಎಂದಿದ್ದರೆ ಏನು ಹೋಗುತ್ತಿತ್ತು? ಮಗನಿಗೆ ಹೆದರಿ ಉಂಡಳಂತೆ. ಹೆದರಿ ಉಂಡವಳು ಮಗಳ ಮನೆಗೆ ಹೋಗಿ ಯಾಕೆ ಹೇಳಬೇಕಿತ್ತು?

ಅಡುಗೆಮನೆಗೆ ಹೋಗಿ ಬಸ್ಸಾರಿನ ಪಾತ್ರೆಯನ್ನೇ ಎತ್ತಿಕೊಂಡು ಬಂದಳು. ಈಶ್ವರಯ್ಯ ಏನಮ್ಮಾ ಅದು ಎನ್ನುವಷ್ಟರಲ್ಲಿ ಎಲೆಯ ನಡುವೆ, ಬೆಳ್ಳಗಿದ್ದ ಶಾವಿಗೆಯ ಮೇಲೆ, ಒಂದಲ್ಲ ಎರಡಲ್ಲ, ಮೂರು ಸೌಟು ಹುಯ್ದಳು. ಪ್ರತಿಭಾ ತಡೆಯಲು ಬಂದವಳು ಅವಳ ಮುಖ ನೋಡಿ ಹಿಂದೆ ಸರಿದಳು.

"ಬ್ಯಾಡ ಅಂದ್ರೆ ಅವ್ಳೇ ಬಂದು ಹೇಳ್ಲಿ," ಎಂದಳು ಬಸವಲಿಂಗಮ್ಮ. "ನಂಗೇ ಹೇಳ್ಲಿ."

ಎಡೆ ಇಟ್ಟ ಮೇಲೆ ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಇರಬೇಕು. ರುದ್ರಯ್ಯ ಬಾಗಿಲು ಎಳೆದುಕೊಂಡ. ಪ್ರತಿಭಾ ಅಂಗಳಕ್ಕಿಳಿದು ಗಂಡನಿಗೆ ಫೋನು ಮಾಡಿ, ಅತ್ತಿಗೆಗೆ ಕೇಳಲೆಂದೇ ಜೋರಾಗಿ ಅತ್ತಳು. ಈಶ್ವರಯ್ಯ ತಲೆ ತಗ್ಗಿಸಿ ಕೂತರು.

ಬಸವಲಿಂಗಮ್ಮ ಮಾತ್ರ ಬಾಗಿಲಿಗೇ ಒರಗಿ ಕೂತಳು. ಇಷ್ಟು ಹೊತ್ತು ಸಾಕು, ಇನ್ನು ತೆಗೆಯೋಣ ಎಂದು ರುದ್ರಯ್ಯ ಎರಡು ಸಲ ಹೇಳಿದ. ಅವಳು ಏಳಲಿಲ್ಲ. ಕಲಗಚ್ಚು ಎಂದರೂ ಸರಿ, ಒಳಗಿನಿಂದ ಒಂದು ಮಾತು ಬರಲಿ ಎಂದು ಕಿವಿಗೊಟ್ಟು ಕೂತೇ ಇದ್ದಳು.