ಕಪ್ಪು ಇರಲಿ

ಬಣ್ಣ ಒಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ಮೃತ್ಯುಂಜಯ ತಾನೇ ತೀರ್ಮಾನಿಸಿಬಿಟ್ಟಿದ್ದ. ಬಣ್ಣ ಯಾವುದಿರಲಿ ಎಂದು ಹೇಳುವುದಕ್ಕೆ ಹೆಂಡತಿ ಶಿಲ್ಪಶ್ರೀಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಅಂಗಡಿಗೆ ಕರೆತಂದಿದ್ದ. ಎಂಥ ಉದಾರಿ!

ಅವನು ಹೂಟಗಳ್ಳಿಯ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್. ಎರಡು ಸಾವಿರದ ಆರನೇ ಇಸವಿಯ ಆ ಬೇಸಿಗೆಯಲ್ಲಿ ಅವನಿಗೆ ಟಿವಿಗೆ ಕಂಪ್ಯೂಟರ್ ಜೋಡಿಸಿ ಹಜಾರವನ್ನೇ ಟಾಕೀಸು ಮಾಡುವ ಹುಚ್ಚು ಹಿಡಿದಿತ್ತು. ಒಳಗಿನ ಸಾಮಾನೆಲ್ಲ ಆರಿಸಿಯಾಗಿತ್ತು. ಅದನ್ನೆಲ್ಲ ಕೂರಿಸುವ ಹೊರಪೆಟ್ಟಿಗೆ ಮಾತ್ರ ಬಾಕಿ. ಅಂಗಡಿಯವರ ಬಾಯಲ್ಲಿ ಅದು ಕ್ಯಾಬಿನೆಟ್. ನೆಲದ ಮೇಲೆ ಎದ್ದು ನಿಲ್ಲುವಂಥದ್ದು ಅವನಿಗೆ ಬೇಡ. ಸಿದ್ಧಾರ್ಥನಗರದ ಮನೆಯ ಶೋಕೇಸಿನಲ್ಲಿ, ಟಿವಿಯ ಪಕ್ಕದ ಗೂಡಿನೊಳಗೆ ಅಡ್ಡಡ್ಡ ಮಲಗುವಂಥದ್ದು ಬೇಕು.

ಆ ಗೂಡಿನಲ್ಲೂ ಅದರ ಮೇಲಿನದರಲ್ಲೂ ಶಿಲ್ಪಶ್ರೀಯ ಖೋಖೋ ಕಪ್ಪುಗಳಿದ್ದವು. ಹೈಸ್ಕೂಲಿನವು, ಕಾಲೇಜಿನವು, ರಾಜ್ಯದ ತಂಡದಲ್ಲಿ ಆಡಿ ಗೆದ್ದವು. ಮೊಣಕಾಲು ತರಚಿಕೊಂಡು, ಮಣ್ಣು ಮುಕ್ಕಿ ತಂದವು. ಅಡುಗೆಮನೆ ಅತ್ತೆ ಬಸಮ್ಮನದು, ಬೀರು ಗಂಡನದು. ಆ ಮನೆಯಲ್ಲಿ ತನ್ನದು ಅಂತ ಅವಳಿಗಿದ್ದದ್ದು ಆ ಎರಡು ಗೂಡು. ಅವನ್ನು ಕಂಪ್ಯೂಟರಿಗೆ ಬಿಟ್ಟುಕೊಡುವುದಿಲ್ಲ ಎಂದು ಅವಳು ಹಿಂದಿನ ದಿನವೇ ಹೇಳಿದ್ದಳು. ಅವನು ಅಳತೆ ಟೇಪು ಹಿಡಿದುಕೊಂಡು "ಹ್ಞೂಂ, ಹ್ಞೂಂ" ಅಂದಿದ್ದ. ಅದನ್ನು ಒಪ್ಪಿಗೆ ಎಂದು ನಂಬಿ ಅವಳು ಬಂದಿದ್ದಳು.

ಅಂಗಡಿಯ ಮಹದೇವ ಎರಡು ಕ್ಯಾಬಿನೆಟ್ ತಂದು ಮೇಜಿನ ಮೇಲಿಟ್ಟ. ಒಂದು ತೆಳ್ಳಗಿತ್ತು. ಆದರೆ ಚಾನೆಲ್ ಹಿಡಿಯುವ ಟಿವಿ ಕಾರ್ಡು ಅದರೊಳಗೆ ನೆಟ್ಟಗೆ ನಿಲ್ಲುವುದಿಲ್ಲವಂತೆ.

"ಕಾರ್ಡ್ ಬೇಕು ಅಂದ್ರೆ ಈ ದಪ್ಪಂದೇ ಆಗ್ಬೇಕು ಸಾರ್. ಗಾಳಿನೂ ಆಡುತ್ತೆ, ಬಿಸಿ ಆಗಲ್ಲ. ನಿಮ್ಮ ಗೂಡಿಗೆ ಹಿಡಿಸುತ್ತಾ?"

"ಮಧ್ಯದ ಹಲಗೆ ತೆಗೆಸಿಬುಟ್ರೆ ಆಯ್ತು. ಮೇಲಿನ ಗೂಡೂ ಸೇರ್ಕೊಳ್ಳುತ್ತೆ," ಅಂದ ಮೃತ್ಯುಂಜಯ.

"ಅಲ್ಲೇನಿದೆ ಸಾರ್ ಈಗ?"

"ಏನೂ ಇಲ್ಲ ಕಣ್ರೀ. ಖಾಲಿ."

ಖಾಲಿ! ಶಿಲ್ಪಶ್ರೀಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಹೆಂಡತಿ ಪಕ್ಕದಲ್ಲೇ ನಿಂತಿರುವಾಗ, ನಾಲಿಗೆ ಒಂದಿಷ್ಟೂ ತೊದಲದೆ, ಖಾಲಿ ಅಂದುಬಿಟ್ಟನಲ್ಲ!

ಮಹದೇವ ಅವಳತ್ತ ತಿರುಗಿ ಹಲ್ಲುಬಿಟ್ಟ. "ಮೇಡಂ, ಬೆಳ್ಳಿ ಬಣ್ಣದ್ದಿರ್ಲಾ, ಕಪ್ಪು ಇರ್ಲಾ?"

"ಕಪ್ಪು ಇರ್ಲಿ!" ಗಂಡನ ಮುಖವನ್ನೇ ನೋಡುತ್ತ ಅವಳು ಹಲ್ಲು ಕಚ್ಚಿ ಹೇಳಿದಳು. "ಕಪ್ಪು ಅಲ್ಲೇ ಇರ್ಲಿ. ಯಾರೂ ಮುಟ್ಟೋ ಹಾಗಿಲ್ಲ."

"ಮುಟ್ಟಿದ್ರೂ ಗುರುತು ಕಾಣಲ್ಲ ಮೇಡಂ, ಕಪ್ಪಲ್ಲಿ. ಒಳ್ಳೆ ಸೆಲೆಕ್ಷನ್," ಎಂದು ಮಹದೇವ ಕಪ್ಪು ಬಣ್ಣದ ಪೆಟ್ಟಿಗೆಯನ್ನು ಕಟ್ಟತೊಡಗಿದ.

ಮೃತ್ಯುಂಜಯ ನಕ್ಕ. "ನೋಡು, ನೀನು ಹೇಳಿದ್ದೇ ಆಯ್ತಲ್ಲ ಕಣೇ."

ಇಬ್ಬರ ತಲೆಯ ಮೇಲೂ ಆ ಪೆಟ್ಟಿಗೆ ಕುಕ್ಕಬೇಕೆನ್ನಿಸಿತು ಅವಳಿಗೆ. ಕುಕ್ಕಲಿಲ್ಲ. ಸ್ಕೂಟರಿನ ಹಿಂದೆ ಅದನ್ನೇ ತೊಡೆಯ ಮೇಲಿಟ್ಟುಕೊಂಡು ಮನೆಗೆ ಬಂದಳು.

ಮನೆಗೆ ಬಂದು ನೋಡಿದರೆ ಎರಡೂ ಗೂಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಟ್ಟಿದ್ದರು. ಒಂದು ಕಪ್ಪೂ ಇಲ್ಲ.

"ಗೋಣಿಚೀಲಕ್ಕೆ ತುಂಬಿ ಅಟ್ಟಕ್ಕೆ ಹಾಕ್ಸಿದೆ ಕಣಮ್ಮ," ಅಂದರು ಬಸಮ್ಮ. "ಇವನೇ ಹೊರಡೋವಾಗ ಹೇಳ್ಬುಟ್ಟು ಹೋಗಿದ್ದ. ನಿಂಗೂ ಹೇಳಿದ್ದೀನಿ ಅಂದ್ನಲ್ಲ?"

ಶಿಲ್ಪಶ್ರೀ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಸ್ಟೂಲು ಎಳೆದು, ಹತ್ತಿ, ಅಟ್ಟದಿಂದ ಮೂಟೆ ಇಳಿಸಿದಳು. ರಾಜ್ಯದ ಕಪ್ಪಿನ ಒಂದು ಹಿಡಿ ಮುರಿದಿತ್ತು. ಒಂದೊಂದನ್ನೇ ಒರೆಸಿ ಅದರದರ ಜಾಗದಲ್ಲಿಟ್ಟಳು. ಆಮೇಲೆ ಶೋಕೇಸಿನ ಕೆಳಗಿನ ಬಾಗಿಲು ತೆಗೆದಳು. ಅಲ್ಲಿ ಪ್ಲಾಸ್ಟಿಕ್ ಹಾಳೆ ಹೊದ್ದುಕೊಂಡು ಹಳೇ ವಿಸಿಪಿ ಮಲಗಿತ್ತು. ಅದರಲ್ಲಿ ಸಿನಿಮಾ ಕ್ಯಾಸೆಟ್ ತಿರುಗಿ ವರ್ಷಗಳೇ ಆಗಿದ್ದವು. ಅವಳು ಅದರ ವೈರನ್ನು ಕಿತ್ತಳು.

"ಏಯ್, ಅದನ್ಯಾಕೆ ಮುಟ್ತೀಯಾ?" ಮೃತ್ಯುಂಜಯ ಓಡಿ ಬಂದ. ಗಂಟಲು ಒಡೆದುಹೋಗುವಂತೆ ಕೂಗಿದ. "ಅಪ್ಪ ರಿಟೈರ್ ಆದಾಗ ಆಸೆಪಟ್ಟು ತಂದಿದ್ದು! ಅಪ್ಪನ ನೆನಪು ಕಣೇ ಅದು!"

ಶಿಲ್ಪಶ್ರೀ ಎದ್ದು ನಿಂತಳು. ಇವನಿಗೆ ಇಂಥದ್ದೆಲ್ಲ ಅರ್ಥವಾಗುವುದಿಲ್ಲ, ಅದಕ್ಕೇ ಖಾಲಿ ಅಂದ ಎಂದು ದಾರಿಯುದ್ದಕ್ಕೂ ತನಗೆ ತಾನೇ ಸಮಾಧಾನ ಹೇಳಿಕೊಂಡು ಬಂದಿದ್ದಳು. ಆ ಸಮಾಧಾನವೂ ಹೋಯಿತು.

"ಓಹೋ. ಕೆಟ್ಟ ಸಾಮಾನು ಯಾಕೆ ಇಟ್ಕೋತಾರೆ ಅಂತ ನಿಮಗೆ ಗೊತ್ತು. ಚೆನ್ನಾಗೇ ಗೊತ್ತು," ಅಂದಳು. "ಗೊತ್ತಿದ್ದೂ ಖಾಲಿ ಅಂದ್ರಲ್ರೀ."

 

ಶಿಲ್ಪಶ್ರೀ ವಿಸಿಪಿಯನ್ನು ಎತ್ತಿ ಅವನ ಎರಡೂ ಕೈಗಳ ಮೇಲಿಟ್ಟಳು. ಅದಿದ್ದ ಜಾಗಕ್ಕೆ ಕ್ಯಾಬಿನೆಟ್ ನೂಕಿದಳು. ಸಲೀಸಾಗಿ ಕೂತಿತು, ಗಾಳಿಯಾಡಲು ಸುತ್ತ ಸಂದೂ ಉಳಿಯಿತು. ಮೃತ್ಯುಂಜಯ ಅಪ್ಪನ ವಿಸಿಪಿಯನ್ನು ಹೊತ್ತುಕೊಂಡೇ ಹಜಾರದ ತುಂಬ ಕಣ್ಣಾಡಿಸಿದ.

"ಇದನ್ನ ಎಲ್ಲಿಡ್ಲೇ ಈಗ?"

ಅವಳು ಗೋಣಿಚೀಲವನ್ನು ಎತ್ತಿ, ಧೂಳು ಕೊಡವಿ, ಅವನ ಹೆಗಲ ಮೇಲೆ ಹಾಕಿದಳು.